ಹಲ್ಲಿನ ಡಾಕ್ಟರಾಗಲು ಏನು ಓದಬೇಕು?

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ವಿದ್ಯಾರ್ಥಿ ಮತ್ತು ಪೋಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಸಭೆಗಳಲ್ಲಿ ಕಳೆದುಹೋದ ನೂರು ವರ್ಷಗಳ ಕಡೆಗೆ ಮುಖಮಾಡಿ ಮಾತನಾಡುವುದು ವಾಡಿಕೆ. ನಮ್ಮ ಪೂರ್ವಿಕರ ವಿಶ್ವಾಸವನ್ನೂ, ಈ ದೇವಾಲಯವನ್ನು ಕಟ್ಟಲು ಅವರು ಪಟ್ಟ ಶ್ರಮವನ್ನೂ ನಿನ್ನೆಯ ಸಭೆಯಲ್ಲಿ ಹಿರಿಯರು ನನಗಿಂತ ಚೆನ್ನಾಗಿ ಸ್ಮರಿಸಿದ್ದಾರೆ. ಇಂದು ನನ್ನ ಪಾಲಿಗೆ ಬಂದಿರುವ ವಿಷಯ ಸಣ್ಣದು. ಆದರೆ ಅದನ್ನು ಕೇಳಲು ನನ್ನ ಬಳಿಗೆ ಬಂದ ಮನೆಯವರಿಗೆ ಅದು ಸಣ್ಣದಾಗಿರಲಿಲ್ಲ.

ಕೆಲವು ವಾರಗಳ ಹಿಂದೆ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಿಂದ ರೈತರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. ಹುಡುಗಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು. "ಸ್ವಾಮಿ, ಇವಳು ಹಲ್ಲಿನ ಡಾಕ್ಟರಾಗಬೇಕಂತೆ. ಯಾವ ಸಬ್ಜೆಕ್ಟ್ ಕೊಡಿಸಬೇಕು, ನೀವೇ ಹೇಳಿ" ಎಂದರು. ಅವರ ಮನೆಗೆ ಅಷ್ಟರಲ್ಲಾಗಲೇ ಮೂರು ಸಲಹೆಗಳು ಬಂದಿದ್ದವು. ಅಮೆರಿಕದಲ್ಲಿರುವ ಬಂಧುವೊಬ್ಬರು ಫೋನಿನಲ್ಲಿ, ಮೊದಲು ಯಾವುದಾದರೂ ಒಂದು ವಿಷಯದಲ್ಲಿ ಪದವಿ ಮುಗಿಸಲಿ, ದಂತವೈದ್ಯಕೀಯ ಆಮೇಲೆ ನೋಡೋಣ ಎಂದಿದ್ದರು. ಪರಿಚಯದ ಉಪನ್ಯಾಸಕರು ಪಿ.ಸಿ.ಎಂ.ಬಿ. ಬಿಟ್ಟು ಬೇರೆ ತೆಗೆದುಕೊಳ್ಳಬೇಡಿ ಎಂದಿದ್ದರು. ಪಕ್ಕದ ಮನೆಯವರು ಮಾತ್ರ, ಹೆಣ್ಣುಮಗುವಿಗೆ ಇಷ್ಟೆಲ್ಲ ಏಕೆ ಎಂದಿದ್ದರು. ಈ ಮೂರನೆಯ ಸಲಹೆಗೆ ಉತ್ತರ ಕೊಡುವ ಅಗತ್ಯ ನನಗೆ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಹುಡುಗಿ ಮಾತನಾಡುವಾಗಲೆಲ್ಲ ಅಂಗೈಯನ್ನು ಬಾಯಿಗೆ ಅಡ್ಡವಾಗಿ ಹಿಡಿದಿದ್ದಳು. ಅದು ನಾಚಿಕೆಯ ಸ್ವಭಾವವಿರಬೇಕೆಂದುಕೊಂಡೆ. ಸಿಸ್ಟರ್ ಒಬ್ಬರು ಕಾಫಿ ತಂದು ಏನೋ ತಮಾಷೆ ಮಾಡಿದಾಗ ಅವಳು ನಕ್ಕಳು. ಕೈ ಜಾರಿತು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದುಬಣ್ಣದ ಗೆರೆಗಳು ಕಂಡವು. ಹಲ್ಲಿನ ಡಾಕ್ಟರಾಗುವ ಆಸೆ ಈ ಮಗುವಿಗೆ ಎಲ್ಲಿಂದ ಬಂದಿತೆಂದು ಕೇಳುವ ಪ್ರಮೇಯ ಉಳಿಯಲಿಲ್ಲ.

ಹಲ್ಲಿನ ವಿಷಯದಲ್ಲಿ ಗುರುವಿಗೆ ಏನು ಅಧಿಕಾರ ಎಂದು ನೀವು ಕೇಳಬಹುದು. ಗುರುಮಠದಲ್ಲಿ ನಾನು ಓದಿದ್ದು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ, ಜೀವಶಾಸ್ತ್ರವಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ಮೂವತ್ತೈದು ವರ್ಷಗಳಿಂದ ಪರಮಪ್ರಸಾದವನ್ನು ನೀಡುತ್ತ ಬಂದಿದ್ದೇನೆ. ದಂತವೈದ್ಯರನ್ನು ಬಿಟ್ಟರೆ ಇಷ್ಟು ಜನರ ತೆರೆದ ಬಾಯಿಗಳನ್ನು ಇಷ್ಟು ಹತ್ತಿರದಿಂದ ಕಂಡವನು ಗುರುವೊಬ್ಬನೇ ಇರಬೇಕು. ಈಗ ಅನೇಕರು ಕೈಯಲ್ಲಿ ಸ್ವೀಕರಿಸುತ್ತಾರೆ. ಅದಕ್ಕೆ ಮುಂಚೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಹಳ್ಳಿಯ ಪ್ರಥಮ ಪರಮಪ್ರಸಾದದ ದಿನ ಬಿಳಿಯ ಉಡುಪು ತೊಟ್ಟು ಸಾಲಾಗಿ ನಿಂತ ಮಕ್ಕಳ ಹಲ್ಲುಗಳಲ್ಲಿ ಸುಣ್ಣದ ಚುಕ್ಕೆಗಳನ್ನೂ, ಹಳದಿ ಪಟ್ಟೆಗಳನ್ನೂ, ಕಂದು ಕಲೆಗಳನ್ನೂ ನೋಡಿದ್ದೇನೆ. ಮದುವೆಯ ಫೋಟೋಗ್ರಾಫರು "ನಗಿ" ಎಂದಾಗ ತುಟಿ ಬಿಗಿಹಿಡಿಯುವ ವಧುಗಳನ್ನೂ ಕಂಡಿದ್ದೇನೆ. ಬಹಳ ಕಾಲ ನಾನೂ ಅದನ್ನು ಹಲ್ಲುಜ್ಜದ ಸೋಮಾರಿತನವೆಂದೇ ತಿಳಿದಿದ್ದೆ. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳನ್ನು ಗದರಿಸಿದ್ದೂ ಉಂಟು. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೊದಲು ಆ ತಂದೆ ಕೇಳಿದ ಪ್ರಶ್ನೆ. ಅಮೆರಿಕದ ಬಂಧು ಹೇಳಿದ್ದು ಸುಳ್ಳಲ್ಲ. ಅದು ಅಲ್ಲಿಯ ಸತ್ಯ. ಆ ದೇಶದಲ್ಲಿ ದಂತವೈದ್ಯಕೀಯವು ಪದವಿ ವ್ಯಾಸಂಗದ ನಂತರ ಬರುವ ಓದು. ವಿದ್ಯಾರ್ಥಿಯು ಮೂರು ನಾಲ್ಕು ವರ್ಷ ಕಾಲೇಜಿನಲ್ಲಿ ತನಗೊಪ್ಪುವ ಮುಖ್ಯ ವಿಷಯವನ್ನು ಆರಿಸಿಕೊಳ್ಳುತ್ತಾನೆ. ಅದು ಜೀವಶಾಸ್ತ್ರವಾಗಬಹುದು, ಇತಿಹಾಸವಾಗಬಹುದು, ಸಂಗೀತವೂ ಆಗಬಹುದು. ಜೊತೆಗೆ ವಿಧಿಸಿರುವಷ್ಟು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಪ್ರಯೋಗಸಹಿತ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಅನಂತರ ಸಾಮಾನ್ಯವಾಗಿ ನಾಲ್ಕು ವರ್ಷಗಳ ದಂತವೈದ್ಯಕೀಯ ಶಾಲೆಗೆ ಸೇರುತ್ತಾನೆ. 1840ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜನ್ನು ತೆರೆದ ದೇಶ ಅದು. ಅವರ ಕ್ರಮ ಅವರಿಗೆ.

ನಮ್ಮ ಕ್ರಮ ಬೇರೆ. ನಮ್ಮ ದೇಶದಲ್ಲಿ ಡಾಕ್ಟರ್ ಆರ್. ಅಹ್ಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ. ಇಲ್ಲಿ ಬಿ.ಡಿ.ಎಸ್. ಎಂಬುದೇ ಮೊದಲ ಪದವಿ. ಅದಕ್ಕೆ ಮುನ್ನ ಇನ್ನೊಂದು ಪದವಿ ಬೇಕಾಗಿಲ್ಲ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ ತೇರ್ಗಡೆಯಾಗಿರಬೇಕು. ವಿಜ್ಞಾನದ ಮೂರು ವಿಷಯಗಳಲ್ಲಿ ಒಟ್ಟಾಗಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 50, ಮೀಸಲಾತಿಯ ವರ್ಗಗಳವರಿಗೆ 40 ಅಂಕಗಳಿರಬೇಕು. ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ವರ್ಷ ತುಂಬಿರಬೇಕು. ಇವಲ್ಲದೆ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಬೇಕು. ಎಂ.ಬಿ.ಬಿ.ಎಸ್.ಗೂ ಬಿ.ಡಿ.ಎಸ್.ಗೂ ಅದೊಂದೇ ಪರೀಕ್ಷೆ. ಅದರ 720 ಅಂಕಗಳಲ್ಲಿ ಅರ್ಧ, ಎಂದರೆ 360, ಜೀವಶಾಸ್ತ್ರದ್ದು. ಉಳಿದರ್ಧ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ಸಮಪಾಲು. ನಾನು ಹೇಳಿದ ಈ ಪಟ್ಟಿಯಲ್ಲಿ ಗಣಿತ ಎಲ್ಲಿಯೂ ಬರಲಿಲ್ಲ ಎಂಬುದನ್ನು ಪೋಷಕರು ದಯವಿಟ್ಟು ಗಮನಿಸಬೇಕು.

ಏಕೆ ಗಮನಿಸಬೇಕೆಂದರೆ, ಇದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇದೇ ಜಿಲ್ಲೆಯ ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಅಲ್ಲಿ ಪೀಠಸೇವೆ ಮಾಡುತ್ತಿದ್ದ ಹುಡುಗನೊಬ್ಬನಿಗೆ ದಂತವೈದ್ಯನಾಗುವ ಹಂಬಲ. ಜೀವಶಾಸ್ತ್ರದಲ್ಲಿ ಚುರುಕು, ಚಿತ್ರ ಬರೆಯುವುದರಲ್ಲಿ ಇನ್ನೂ ಚುರುಕು. ಲೆಕ್ಕ ಮಾತ್ರ ಅವನಿಗೆ ಒಲಿದಿರಲಿಲ್ಲ. ಅವನು ಸಲಹೆ ಕೇಳಿದಾಗ ನಾನು, "ಪಿ.ಸಿ.ಎಂ.ಬಿ. ತೆಗೆದುಕೋ ಮಗು. ದಂತವೈದ್ಯಕೀಯ ಸಿಗದಿದ್ದರೆ ಇಂಜಿನಿಯರಿಂಗಿಗೂ ಬಾಗಿಲು ತೆರೆದಿರುತ್ತದೆ" ಎಂದೆ. ಎಲ್ಲರೂ ಹಾಗೆಯೇ ಹೇಳುತ್ತಿದ್ದರು, ನಾನೂ ಹೇಳಿದೆ. ಎರಡು ವರ್ಷ ಅವನ ಸಂಜೆಗಳೆಲ್ಲ ಗಣಿತದ ಮನೆಪಾಠಕ್ಕೆ ಹೋದವು; ಜೀವಶಾಸ್ತ್ರವನ್ನು ರಾತ್ರಿ ನಿದ್ದೆಗಣ್ಣಿನಲ್ಲಿ ಓದಿದ. ದ್ವಿತೀಯ ಪಿ.ಯು.ಸಿ.ಯಲ್ಲಿ ಗಣಿತವೊಂದರಲ್ಲಿಯೇ ಅನುತ್ತೀರ್ಣನಾದ. ಒಂದು ವಿಷಯ ಹೋದರೆ ಪಿ.ಯು.ಸಿ.ಯೇ ಹೋದಂತೆ. ಪೂರಕ ಪರೀಕ್ಷೆ ಮುಗಿಯುವ ವೇಳೆಗೆ ಆ ವರ್ಷದ ಸೀಟುಗಳು ಮುಗಿದಿದ್ದವು. ಮರುವರ್ಷ ಮನೆಯವರ ಧೈರ್ಯ ಮುಗಿದಿತ್ತು. ಅವನಿಗೆ ಬೇಡವಾಗಿದ್ದ ಬಾಗಿಲೊಂದನ್ನು ತೆರೆದಿಡಲು ಹೋಗಿ ಬೇಕಾಗಿದ್ದ ಬಾಗಿಲನ್ನು ನಾನು ಮುಚ್ಚಿಸಿದೆ. ಈಗ ಅವನು ಹೊಸಕೋಟೆಯ ಬಳಿ ಗೋದಾಮೊಂದರಲ್ಲಿ ಕೆಲಸಕ್ಕಿದ್ದಾನೆ. ಪ್ರಾಮಾಣಿಕವಾದ ದುಡಿಮೆ, ಅದರಲ್ಲಿ ಕೀಳೇನೂ ಇಲ್ಲ. ಕ್ರಿಸ್ಮಸ್ಸಿಗೆ ಹೆಂಡತಿ ಮಕ್ಕಳೊಡನೆ ಬಂದು ಆಶೀರ್ವಾದ ಕೇಳುತ್ತಾನೆ. ಒಮ್ಮೆಯೂ ನನ್ನನ್ನು ದೂರಿಲ್ಲ. ದೂರಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆದುದರಿಂದ ನನ್ನ ಈಗಿನ ಅಭಿಪ್ರಾಯವಿದು. ಮಗುವಿಗೆ ಗಣಿತ ಸಲೀಸಾಗಿ ಬರುವುದಾದರೆ ಪಿ.ಸಿ.ಎಂ.ಬಿ. ಇರಲಿ, ಸಂತೋಷ, ಭೌತಶಾಸ್ತ್ರಕ್ಕೂ ಅದರಿಂದ ಬಲ ಬರುತ್ತದೆ. ಹತ್ತನೆಯ ತರಗತಿಯ ಗಣಿತವನ್ನೇ ಮನೆಪಾಠದ ಊರುಗೋಲು ಹಿಡಿದು ದಾಟಿದ ಮಗುವಾದರೆ, ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆಗೆ ಗಣಿತವಲ್ಲದ ನಾಲ್ಕನೆಯ ವಿಷಯವನ್ನು ಕಲಿಸುವ ಕಾಲೇಜನ್ನು ಹುಡುಕಿರಿ. ಸ್ವಲ್ಪ ದೂರವಾದರೂ ಹುಡುಕಿರಿ. ಪ್ರತಿಷ್ಠೆಗಾಗಿ ಗಣಿತ ಕೊಡಿಸಬೇಡಿರಿ. ನಮ್ಮವರಲ್ಲಿ ನಾಲ್ಕು ಅಕ್ಷರಗಳ ಪಿ.ಸಿ.ಎಂ.ಬಿ. ಎಂಬುದು ವಿದ್ಯೆಗಿಂತ ಹೆಚ್ಚಾಗಿ ನೆಂಟರ ಮುಂದೆ ಹೇಳಿಕೊಳ್ಳುವ ಬಿರುದಾಗಿಬಿಟ್ಟಿದೆ.

ಇನ್ನೊಂದು ತೊಡಕು ಭಾಷೆಯದು. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಹೋದಾಗ ಇಂಗ್ಲಿಷ್ ಎಂದು ಮೂರು ಹೊಳೆ ದಾಟಬೇಕು. ಪ್ರಥಮ ಪಿ.ಯು.ಸಿ.ಯ ಮೊದಲ ಆರು ತಿಂಗಳಲ್ಲಿ ಬುದ್ಧಿವಂತ ಮಕ್ಕಳು ತಮ್ಮನ್ನು ದಡ್ಡರೆಂದು ತಿಳಿಯುವುದು ಇದರಿಂದಲೇ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಕನ್ನಡ ಆರಿಸಿದವರಿಗೆ ಪ್ರಶ್ನೆಗಳು ಇಂಗ್ಲಿಷಿನಲ್ಲಿಯೂ ಜೊತೆಗೇ ಅಚ್ಚಾಗಿರುತ್ತವೆ. ಆದರೂ ಬಿ.ಡಿ.ಎಸ್. ತರಗತಿಯ ಓದು ಇಂಗ್ಲಿಷೇ. ಈ ಬೇಸಗೆ ರಜೆಯಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಓದಿಸಿರಿ. ಗೊತ್ತಿರುವ ಪಾಠವನ್ನು ಗೊತ್ತಿಲ್ಲದ ಭಾಷೆಯಲ್ಲಿ ಓದುವುದು ಸುಲಭ. ಎರಡೂ ಗೊತ್ತಿಲ್ಲದಿರುವುದು ಕಷ್ಟ.

ಕಾಗದಪತ್ರಗಳ ಬಗ್ಗೆ ಎರಡೇ ಮಾತು. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ತಾಲ್ಲೂಕು ಕಚೇರಿಯಿಂದ ಮುಂಚಿತವಾಗಿಯೇ ಪಡೆದಿಡಿರಿ. ಕೌನ್ಸೆಲಿಂಗಿನ ಹಿಂದಿನ ದಿನ ಗುರುಗಳಿಗೆ ಫೋನ್ ಮಾಡಿ, "ಸ್ವಾಮಿ, ತಹಸೀಲ್ದಾರರಿಗೆ ಒಂದು ಮಾತು ಹೇಳಿ" ಎನ್ನಬೇಡಿರಿ. ತಹಸೀಲ್ದಾರರು ನನ್ನ ಮಾತು ಕೇಳುವುದಿಲ್ಲ.

ಇನ್ನು ಅಂಕಪಟ್ಟಿಯಲ್ಲಿ ಕಾಣದ ಒಂದು ಸಂಗತಿ. ದಂತವೈದ್ಯಕೀಯವು ತಲೆಯಷ್ಟೇ ಕೈಯ ವಿದ್ಯೆ. ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಇವುಗಳ ಜೊತೆಗೆ ವಿದ್ಯಾರ್ಥಿಯ ಕೈಗೆ ಮೇಣದ ತುಂಡನ್ನೂ ಕೆತ್ತುವ ಚಾಕುವನ್ನೂ ಕೊಟ್ಟು ಒಂದೊಂದು ಹಲ್ಲನ್ನೂ ಅದರ ಉಬ್ಬುತಗ್ಗುಗಳೊಡನೆ ಕೆತ್ತಿಸುತ್ತಾರೆ. ಅಮೆರಿಕದಲ್ಲಿ ಹಿಂದೆ ಪ್ರವೇಶ ಪರೀಕ್ಷೆಯಲ್ಲಿಯೇ ಸೀಮೆಸುಣ್ಣದ ತುಂಡನ್ನು ಕೆತ್ತಿಸಿ ಕೈಚಳಕವನ್ನು ನೋಡುತ್ತಿದ್ದರು. ನಮ್ಮ ನೀಟ್ ಪರೀಕ್ಷೆಯು ಕೈಯನ್ನು ನೋಡುವುದೇ ಇಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆತಲಾಂತರದಿಂದ ಕಲ್ಲಿನಲ್ಲಿ ಮೂರ್ತಿಗಳನ್ನು ಕಡೆಯುವ ಶಿಲ್ಪಿಗಳಿದ್ದಾರೆ. ಅಲ್ಲಿಯ ಹುಡುಗನೊಬ್ಬ ಉಳಿ ಹಿಡಿಯುವುದನ್ನು ನಿಂತು ನೋಡಿರಿ: ಬೆರಳು ಗಟ್ಟಿ, ಮಣಿಕಟ್ಟು ಹಗುರ, ಕಣ್ಣು ಒಂದೇ ಕಡೆ. ಬಾಯಿಯೊಳಗೆ, ಕನ್ನಡಿಯ ಪ್ರತಿಬಿಂಬದಲ್ಲಿ ನೋಡುತ್ತ, ನೋಯುವ ಮನುಷ್ಯನ ಹಲ್ಲನ್ನು ಕೊರೆಯುವವನಿಗೆ ಅಂಥ ಕೈ ಬೇಕು. ನಿಮ್ಮ ಮಗುವಿಗೆ ಹೊಲಿಗೆ, ರಂಗೋಲಿ, ಚಿತ್ರ, ಕೆತ್ತನೆ, ಕೆಟ್ಟ ರೇಡಿಯೋ ಬಿಚ್ಚಿ ಜೋಡಿಸುವುದು ಇವುಗಳಲ್ಲಿ ಒಂದಾದರೂ ಕೈಹತ್ತಿದೆಯೇ ನೋಡಿರಿ. ಎಂ.ಬಿ.ಬಿ.ಎಸ್. ಕೈತಪ್ಪಿತೆಂಬ ಒಂದೇ ಕಾರಣಕ್ಕೆ ಹಲ್ಲಿನ ಕಡೆಗೆ ಬರುವವರು ಬಹಳ. ಹಲ್ಲೇ ಬೇಕೆಂದು ಬರುವವರು ಕಡಿಮೆ. ಶ್ರೀನಿವಾಸಪುರದ ನಮ್ಮ ಹುಡುಗಿ ಈ ಎರಡನೆಯ ಗುಂಪಿನವಳಾದುದರಿಂದಲೇ ಅವಳ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಂಡೆ.

ಈಗ ಆ ಕಂದು ಗೆರೆಗಳ ವಿಷಯ.

1901ರಲ್ಲಿ ಫ್ರೆಡರಿಕ್ ಮೆಕ್ಕೇ ಎಂಬ ತರುಣ ದಂತವೈದ್ಯನು ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದನು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲೆಲ್ಲ ಕಂದು ಕಲೆ. ಊರಿನವರು ಅದಕ್ಕೆ ತಮಗೆ ತೋಚಿದ ಕಾರಣಗಳನ್ನು ಕೊಡುತ್ತಿದ್ದರು. ನಾನು ನಮ್ಮ ಮಕ್ಕಳಿಗೆ ಸೋಮಾರಿತನದ ಕಾರಣ ಕೊಟ್ಟಂತೆಯೇ. ಮೆಕ್ಕೇ ಮೂವತ್ತು ವರ್ಷ ಆ ಗೆರೆಯ ಬೆನ್ನು ಬಿಡಲಿಲ್ಲ. ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಕಲೆ ಬರುವುದಿಲ್ಲ, ಮಕ್ಕಳಿಗೆ ಮಾತ್ರ ಬರುತ್ತದೆ ಎಂಬುದನ್ನು ಗಮನಿಸಿ, ಕಾರಣ ಕುಡಿಯುವ ನೀರಿನಲ್ಲಿದೆಯೆಂದು ಊಹಿಸಿದನು. ಆದರೆ ನೀರಿನಲ್ಲಿ ಏನಿದೆಯೆಂದು ಅವನ ಕೈಯಲ್ಲಿ ಹೇಳಲಾಗಲಿಲ್ಲ. 1931ರಲ್ಲಿ ಅದನ್ನು ಕಂಡುಹಿಡಿದವನು ಎಚ್.ವಿ. ಚರ್ಚಿಲ್, ಅವನು ದಂತವೈದ್ಯನಲ್ಲ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ. ನೀರಿನಲ್ಲಿದ್ದುದು ಫ್ಲೋರೈಡು. 1937ರಲ್ಲಿ ನಮ್ಮ ನೆರೆಯ ನೆಲ್ಲೂರಿನ ಕಡೆಯಲ್ಲಿ, ಅಂದಿನ ಮದರಾಸು ಪ್ರಾಂತ್ಯದಲ್ಲಿ, ಇದೇ ರೋಗ ಜನರನ್ನು ಕಾಡುತ್ತಿರುವುದು ವರದಿಯಾಯಿತು. ಅಲ್ಲಿ ಹಲ್ಲಿನ ಜೊತೆಗೆ ಮೂಳೆಗಳೂ ಬಿಗಿದು ಬಾಗಿದ್ದವು.

ನಮ್ಮ ಕೋಲಾರದ್ದೂ ಅದೇ ಕಥೆ. ನಮ್ಮ ಹಿರಿಯರು ಕೆರೆಗಳನ್ನೂ ತೆರೆದ ಬಾವಿಗಳನ್ನೂ ನೆಚ್ಚಿದ್ದರು. ಮಳೆ ಕೈಕೊಟ್ಟಂತೆ, ಕೆರೆ ಬತ್ತಿದಂತೆ, ನಾವು ಕೊಳವೆ ಬಾವಿಗಳನ್ನು ಆಳಕ್ಕೆ, ಇನ್ನೂ ಆಳಕ್ಕೆ, ಸಾವಿರ ಅಡಿಗೂ ಕೆಳಕ್ಕೆ ಕೊರೆದೆವು. ಕಗ್ಗಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತ ನೀರು ಆ ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದಾಗ 1.5ರವರೆಗೆ ಸಹಿಸಬಹುದು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆ ಬಾವಿಗಳು ಈ ಗಡಿಯನ್ನು ದಾಟಿವೆ. ಮಗುವಿನ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವುದು ಸುಮಾರು ಎಂಟನೆಯ ವಯಸ್ಸಿನವರೆಗೆ. ಆ ಕಾಲದಲ್ಲಿ ಕುಡಿದ ಇಂಥ ನೀರು ಎನಾಮಲಿನ ಕಟ್ಟಡವನ್ನೇ ಕೆಡಿಸುತ್ತದೆ. ಹಲ್ಲು ಹೊರಗೆ ಬಂದ ಮೇಲೆ ಇದ್ದಿಲಿನಿಂದ ಉಜ್ಜಲಿ, ಇಟ್ಟಿಗೆ ಪುಡಿಯಿಂದ ತಿಕ್ಕಲಿ, ಹಲ್ಲು ಸವೆಯುತ್ತದೆಯೇ ಹೊರತು ಗೆರೆ ಹೋಗುವುದಿಲ್ಲ. ನೀರನ್ನು ಕುದಿಸಿದರೂ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಹೆಚ್ಚುತ್ತದೆ. ಇದನ್ನು ತಾಯಂದಿರು ವಿಶೇಷವಾಗಿ ಕೇಳಿಸಿಕೊಳ್ಳಬೇಕು. ಹಳ್ಳಿಯಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ, ದೊಡ್ಡವರಿಗಿಂತ ಮೊದಲು ಆ ನೀರು ಚಿಕ್ಕ ಮಕ್ಕಳಿಗೆ ಸಲ್ಲಲಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿದುಬರುತ್ತಿದೆ. ಬತ್ತಿದ ಕೆರೆ ತುಂಬಿದ್ದನ್ನು ಕಂಡು ನನಗೂ ಸಂತೋಷವಾಗಿದೆ. ಅದು ಅಂತರ್ಜಲಕ್ಕೆಂದು ಬಿಟ್ಟ ನೀರು, ಕೊಡದಲ್ಲಿ ತುಂಬಿ ಕುಡಿಯುವ ನೀರಲ್ಲ.

ಇಷ್ಟನ್ನೆಲ್ಲ ತಿಳಿದ ಮೇಲೆ ನನಗೆ ಹೊಳೆದದ್ದೆಂದರೆ, ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿಯುವಂತೆ ಮಾಡಿದ ಆ ಕಲೆಯನ್ನು ಮುಚ್ಚಲು ದಂತವೈದ್ಯರು ಬೇಕು. ಆದರೆ ಅವಳ ತಂಗಿಗೆ ಅದು ಬರದಂತೆ ತಡೆಯಲು ರಸಾಯನಶಾಸ್ತ್ರ ಬಲ್ಲವರು, ಭೂಗರ್ಭಶಾಸ್ತ್ರ ಬಲ್ಲವರು, ಪಂಚಾಯಿತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರು ಬೇಕು. ಬಿ.ಡಿ.ಎಸ್.ನಲ್ಲಿಯೇ ಸಾರ್ವಜನಿಕ ದಂತಾರೋಗ್ಯ ಎಂಬ ವಿಷಯ ಇದೆ. ಅವಳಿಗೆ ಇದನ್ನೇ ಹೇಳಿದೆ: "ನಿನಗೆ ಬೇಕಾಗಿರುವುದು ಬಿಳಿಯ ಕೋಟೋ, ಈ ಕೆಲಸವೋ, ಮೊದಲು ಅದನ್ನು ನಿರ್ಧರಿಸು. ಕೆಲಸವೇ ಬೇಕಾದರೆ ಅದಕ್ಕೆ ಒಂದೇ ದಾರಿಯಲ್ಲ."

ಏಕೆಂದರೆ ಸೀಟು ಸಿಗದಿರಬಹುದು. ಹಾಗೆನ್ನುವುದು ಅಪಶಕುನವಲ್ಲ. ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿವೆ, ನಮ್ಮ ಜಿಲ್ಲೆಯ ಕೆ.ಜಿ.ಎಫ್.ನಲ್ಲಿಯೂ ಒಂದಿದೆ; ಆದರೆ ಬಹುಪಾಲು ಖಾಸಗಿಯವು. ಬೆಂಗಳೂರು, ಬಳ್ಳಾರಿಯ ಸರ್ಕಾರಿ ಕಾಲೇಜುಗಳ ಸೀಟು ಮೇಲಿನ ದರ್ಜೆಯವರಿಗೆ ಹೋಗುತ್ತದೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಶುಲ್ಕ ಬೇರೆ, ಆಡಳಿತ ಮಂಡಳಿಯ ಕೋಟಾದ ಶುಲ್ಕ ಬೇರೆ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಷಿಪ್. ಐದು ವರ್ಷದ ಊಟ, ವಸತಿ, ಉಪಕರಣಗಳು. ಮುಗಿದ ಮೇಲೆ ಸ್ವಂತ ಕ್ಲಿನಿಕ್ಕಿಗೆ ಕುರ್ಚಿ, ಕೊರೆಯುವ ಯಂತ್ರ, ಎಕ್ಸ್-ರೇ. ಬೆಂಗಳೂರಿನ ಬೀದಿಬೀದಿಯಲ್ಲಿ ದಂತ ಚಿಕಿತ್ಸಾಲಯಗಳಿವೆ; ಹೊಸಬರು ಹಲವು ವರ್ಷ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಅಲ್ಪ ಸಂಬಳಕ್ಕೆ ದುಡಿಯಬೇಕಾಗುತ್ತದೆ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ನಿಮಗೆ ನೆನಪಿದೆ. ಆ ತಂದೆ ಮಾವಿನ ತೋಪನ್ನು ಮಾರಿಯಾದರೂ ಓದಿಸುತ್ತೇನೆಂದರು. ನಾನು ಬೇಡವೆಂದೆ. ಆ ತೋಪಿನ ಫಸಲಿನಲ್ಲಿಯೇ ಇನ್ನಿಬ್ಬರು ಮಕ್ಕಳು ಬೆಳೆಯಬೇಕು. ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಬ್ಯಾಂಕಿನ ವಿದ್ಯಾಭ್ಯಾಸ ಸಾಲ, ವಿದ್ಯಾರ್ಥಿವೇತನ ಎಲ್ಲವನ್ನೂ ಪ್ರಯತ್ನಿಸೋಣ. ತೋಪಿನ ಮೇಲೆ ಕೈಯಿಡುವುದು ಬೇಡ ಎಂದೆ. ಅವರಿಗೆ ಅದು ರುಚಿಸಲಿಲ್ಲ.

ಸೀಟು ಸಿಗದಿದ್ದರೆ ಏನು? ಒಂದು ವರ್ಷ ಕುಳಿತು ಮತ್ತೆ ನೀಟ್ ಬರೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಎರಡನೆಯ ವರ್ಷವೂ ಮನೆಯಲ್ಲಿ ಕೂರುವುದಕ್ಕೆ ಆಕ್ಷೇಪವಿದೆ. ಪದವಿಗೆ ಸೇರಿಬಿಡಲಿ. ನೀಟ್ ಪರೀಕ್ಷೆಗಿದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಗಿದೆ, ಬಿ.ಎಸ್ಸಿ. ಓದಿದವರಿಗೆ ಆ ದಾರಿ ಮುಚ್ಚುವುದಿಲ್ಲ. ಅಮೆರಿಕದ ಬಂಧುವಿನ ಪ್ರಶ್ನೆ ನಿಜವಾಗಿ ಇಲ್ಲಿ ಬರುತ್ತದೆ: ಪದವಿಯಲ್ಲಿ ಯಾವ ವಿಷಯ? ನನ್ನನ್ನು ಕೇಳಿದರೆ ರಸಾಯನಶಾಸ್ತ್ರ ಇರಲೇಬೇಕು. ಅದರ ಜೊತೆಗೆ ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನ ಇವುಗಳಲ್ಲಿ ಸಿಕ್ಕುವುದು. ಮುಂದೆ ಬಿ.ಡಿ.ಎಸ್. ಸಿಕ್ಕರೆ ಅಲ್ಲಿಯ ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಹಲ್ಲು ತುಂಬುವ ವಸ್ತುಗಳ ಶಾಸ್ತ್ರ ಇವಕ್ಕೆಲ್ಲ ಇದೇ ಅಡಿಪಾಯ. ಸಿಗದಿದ್ದರೆ ಔಷಧ ಕಾರ್ಖಾನೆ, ನೀರಿನ ಪ್ರಯೋಗಾಲಯ, ಶಾಲೆ ಕಾಲೇಜುಗಳ ಪಾಠ, ಸ್ನಾತಕೋತ್ತರ ಓದು ಇವೆ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ನಮ್ಮ ಟಮಕದಲ್ಲಿಯೇ ಇರುವುದರಿಂದ ಓದಲು ದೂರ ಹೋಗಬೇಕಾಗಿಯೂ ಇಲ್ಲ. ಹಲ್ಲಿನ ಆಸ್ಪತ್ರೆಯಲ್ಲಿಯೇ ಇರಬೇಕೆಂಬ ಆಸೆಯುಳ್ಳವರಿಗೆ ಎರಡು ವರ್ಷಗಳ ಡಿಪ್ಲೊಮಾಗಳುಂಟು. ದಂತಶುಚಿಕಾರರು ಹಲ್ಲನ್ನು ಶುಚಿಮಾಡಿ ಜನರಿಗೆ ಆರೈಕೆ ಕಲಿಸುತ್ತಾರೆ. ಡೆಂಟಲ್ ಮೆಕ್ಯಾನಿಕ್ಕುಗಳು ಕೃತಕ ದಂತಗಳನ್ನು ತಯಾರಿಸುತ್ತಾರೆ. 1948ರ ದಂತವೈದ್ಯರ ಕಾಯಿದೆಯೇ ಈ ಎರಡು ವೃತ್ತಿಗಳನ್ನು ಹೆಸರಿಸಿ ಮಾನ್ಯ ಮಾಡಿತ್ತು. ಚಿತ್ರ ಬರೆಯುತ್ತಿದ್ದ ಆ ನನ್ನ ಹುಡುಗನಿಗೆ ಅಂದು ಯಾರಾದರೂ ಇದನ್ನು ಹೇಳಿದ್ದರೆ! ನನಗೇ ಗೊತ್ತಿರಲಿಲ್ಲ.

ಓದಿದ ವಿಷಯಕ್ಕೂ ಮಾಡಿದ ಕೆಲಸಕ್ಕೂ ನೇರ ಸಂಬಂಧ ಇರಲೇಬೇಕೆಂಬ ನಿಯಮವಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರು 1914ರಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು, ಹೊಟ್ಟೆಪಾಡಿಗೆ ಸರ್ಕಾರಿ ಅಧಿಕಾರಿಯಾದರು, ಕನ್ನಡಕ್ಕೆ ಸಣ್ಣಕಥೆ ಕೊಟ್ಟರು. ಮುಳಬಾಗಿಲಿನ ಡಿ.ವಿ.ಜಿ.ಯವರಿಗೆ ಮೆಟ್ರಿಕ್ಯುಲೇಷನ್ನೇ ಕೈಗೂಡಲಿಲ್ಲ. ಹಿಂದಿನ ಸಾಲಿನಲ್ಲಿ ಕೆಲವು ಹುಡುಗರು ನಗುತ್ತಿರುವುದು ಕಾಣುತ್ತಿದೆ. ಮೆಟ್ರಿಕ್ ಇಲ್ಲದೆ ಸಾಹಿತ್ಯ ರಚಿಸಬಹುದು, ಬಿ.ಡಿ.ಎಸ್. ಇಲ್ಲದೆ ಯಾರ ಹಲ್ಲನ್ನೂ ಕೀಳುವಂತಿಲ್ಲ.

ಆ ತಂದೆ ಮಗಳು ಕಳೆದ ಭಾನುವಾರ ಮತ್ತೆ ಬಂದಿದ್ದರು. ಫಲಿತಾಂಶ ಬಂದಿದೆ. ವಿಜ್ಞಾನದಲ್ಲಿ ಚೆನ್ನಾಗಿ ಬಂದಿದೆ, ಗಣಿತದಲ್ಲಿ ಪರವಾಗಿಲ್ಲ. ಬಹಳ ಹೊತ್ತು ಚರ್ಚಿಸಿದೆವು. ಗಣಿತವನ್ನು ಬಿಟ್ಟಿದ್ದಾಳೆ, ನಿರ್ಧಾರ ಅವಳದೇ. ತಂದೆಗೆ ಇನ್ನೂ ಅರೆಮನಸ್ಸು. ಹೊರಡುವ ಮುನ್ನ ಅವಳು ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅವರ ಊರಿನ ಕೊಳವೆ ಬಾವಿಯ ನೀರು. "ಇದನ್ನು ಎಲ್ಲಿ ಪರೀಕ್ಷೆ ಮಾಡಿಸೋದು ಸ್ವಾಮಿ?" ಎಂದು ಕೇಳಿದಳು. ಕೋಲಾರದಲ್ಲಿರುವ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಅದನ್ನು ಕಳುಹಿಸಿದ್ದೇವೆ. ಈ ಸಲ ಮಾತನಾಡುವಾಗ ಅವಳ ಕೈ ಎಲ್ಲಿತ್ತೆಂದು ನಾನು ಗಮನಿಸಲಿಲ್ಲ, ಬಾಟಲಿಯನ್ನೇ ನೋಡುತ್ತಿದ್ದೆ.

ಫೆಬ್ರವರಿ 9 ಸಂತ ಅಪೊಲೊನಿಯಾಳ ಹಬ್ಬ. ಕ್ರಿಸ್ತಶಕ 249ರಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ವಿಶ್ವಾಸಕ್ಕಾಗಿ ಹಲ್ಲುಗಳನ್ನು ಮುರಿಸಿಕೊಂಡು ಪ್ರಾಣತೆತ್ತ ರಕ್ತಸಾಕ್ಷಿ ಆಕೆ. ಹಲ್ಲುನೋವಿನವರಿಗೂ ದಂತವೈದ್ಯರಿಗೂ ಪಾಲಕಿ. ಮುಂದಿನ ವರ್ಷ ಆ ದಿನ ಪೂಜೆಯ ಬಳಿಕ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಇದೇ ಅಂಗಳದಲ್ಲಿ ದಂತ ತಪಾಸಣೆ ಏರ್ಪಡಿಸಬೇಕೆಂಬ ಆಲೋಚನೆ ಇದೆ. ಒಂದೊಂದು ಹಳ್ಳಿಯಿಂದಲೂ ಒಂದೊಂದು ಬಾಟಲಿ ನೀರು ತನ್ನಿರಿ. ಅಲ್ಲಿಯವರೆಗೆ, ಪಿ.ಯು.ಸಿ. ಪ್ರವೇಶ ಮುಗಿಯುವ ತನಕ ಪ್ರತಿ ಭಾನುವಾರ ಎರಡನೆಯ ಪೂಜೆಯಾದ ಮೇಲೆ ಗುರುನಿವಾಸದ ಜಗಲಿಯಲ್ಲಿ ಕುಳಿತಿರುತ್ತೇನೆ. ನಮ್ಮ ಧರ್ಮಕೇಂದ್ರದ ಇಬ್ಬರು ಉಪನ್ಯಾಸಕರೂ ಬರಲು ಒಪ್ಪಿದ್ದಾರೆ. ಅಂಕಪಟ್ಟಿ ತನ್ನಿರಿ, ಅಂಕ ಪಡೆದ ಮಗುವನ್ನೂ ಕರೆತನ್ನಿರಿ. ಕಳೆದ ವಾರ ಮೂವರು ತಂದೆಯರು ಮಕ್ಕಳಿಲ್ಲದೆ ಬಂದಿದ್ದರು. ಅವರನ್ನು ವಾಪಸು ಕಳುಹಿಸಿದೆ.